‘ಎವ್ರಿವನ್ – ಫುಲ್ ಕಂಟ್ರೋಲ್’ ಪರಿಹಾರವಲ್ಲ

ಮಾನ್ಯ ಸಂಪಾದಕರೇ,

‘ನನಗೆ ಈ ಫೋಲ್ಡರ್ ತೆರೆಯುತ್ತಿಲ್ಲ’ ಎಂಬ ದೂರು ಬಂದ ಕೂಡಲೇ ಪ್ರಾಪರ್ಟೀಸ್‌ಗೆ ಹೋಗಿ, ಸೆಕ್ಯುರಿಟಿ ಟ್ಯಾಬ್‌ನಲ್ಲಿ ‘ಎವ್ರಿವನ್’ ಸೇರಿಸಿ, ‘ಫುಲ್ ಕಂಟ್ರೋಲ್’ಗೆ ಟಿಕ್ ಹಾಕಿ ಎದ್ದುಬಿಡುವುದು ಫೈಲ್ ಸರ್ವರ್ ಇರುವ ಎಷ್ಟೋ ಕಚೇರಿಗಳಲ್ಲಿ ರೂಢಿಯಾಗಿದೆ. ದೂರು ಐದು ನಿಮಿಷದಲ್ಲಿ ಮುಗಿಯುತ್ತದೆ, ನಿಜ. ಆದರೆ ಆ ಟಿಕ್ ಆ ಫೋಲ್ಡರಿಗೇ ನಿಲ್ಲುವುದಿಲ್ಲ. ಅದರ ಕೆಳಗಿರುವ ಫೋಲ್ಡರುಗಳಿಗೆ, ಅವುಗಳೊಳಗಿನ ಫೈಲುಗಳಿಗೆ ಇಳಿಯುತ್ತ ಹೋಗುತ್ತದೆ. ಸಂಬಳದ ಪಟ್ಟಿ, ಸಿಬ್ಬಂದಿಯ ವೈಯಕ್ತಿಕ ದಾಖಲೆ, ಇನ್ನೂ ಸಹಿಯಾಗದ ಕರಾರು ಎಲ್ಲವೂ ಯಾರು ಬೇಕಾದರೂ ಅಳಿಸಬಹುದಾದ ಸ್ಥಿತಿಗೆ ಬರುತ್ತವೆ. ರ‍್ಯಾನ್ಸಮ್‌ವೇರ್ ಎಂಬ, ಫೈಲುಗಳನ್ನು ಒತ್ತೆಯಿಟ್ಟು ಹಣ ಕೇಳುವ ಕುತಂತ್ರಾಂಶ ಹೊಕ್ಕರಂತೂ ಕೇಳುವುದೇ ಬೇಡ. ಅದು ಸಿಕ್ಕಿಬಿದ್ದ ಬಳಕೆದಾರನ ಹಕ್ಕಿನಲ್ಲೇ ಓಡುತ್ತದೆ. ಆತನಿಗೆ ಎಲ್ಲೆಲ್ಲಿ ಬರೆಯುವ ಅನುಮತಿ ಇದೆಯೋ ಅಲ್ಲೆಲ್ಲ ಫೈಲುಗಳನ್ನು ಗೂಢಲಿಪಿಗೆ ತಿರುಗಿಸಿಬಿಡುತ್ತದೆ. ಹಾಗಾಗಿ ಫೋಲ್ಡರ್ ಏಕೆ ತೆರೆಯುತ್ತಿಲ್ಲ ಎಂಬ ಕಾರಣ ಹುಡುಕಿ, ಅದು ಇರುವ ಜಾಗದಲ್ಲೇ ಸರಿಪಡಿಸುವ ಕ್ರಮವನ್ನು ವಿವರವಾಗಿ ಬರೆಯುತ್ತಿದ್ದೇವೆ. ಹೆಚ್ಚಿನ ಮಾತು ವಿಂಡೋಸ್ ಸರ್ವರಿನದು. ಲಿನಕ್ಸ್ ಬಳಸುವವರಿಗೂ ಒಂದೆರಡು ವಿಷಯ ಕೊನೆಯ ಭಾಗದಲ್ಲಿವೆ.

ಆಸ್ತಿಯಲ್ಲಿ ಪಿತ್ರಾರ್ಜಿತ, ಸ್ವಯಾರ್ಜಿತ ಎಂದು ಎರಡಿರುವಂತೆ ಫೋಲ್ಡರ್ ಪರ್ಮಿಷನ್‌ನಲ್ಲೂ ಎರಡು ಬಗೆ. ಮೇಲಿನ ಫೋಲ್ಡರಿನಿಂದ ತಾನಾಗಿ ಇಳಿದು ಬಂದದ್ದು ಇನ್‌ಹೆರಿಟೆಡ್; ಅದೇ ಫೋಲ್ಡರಿನಲ್ಲಿ ಯಾರೋ ಕೈಯಾರೆ ಬರೆದದ್ದು ಎಕ್ಸ್‌ಪ್ಲಿಸಿಟ್. ಇಲ್ಲಿ ಬಹುಪಾಲು ಜನ ತಪ್ಪಾಗಿ ತಿಳಿದಿರುವ ಸಂಗತಿ ಒಂದಿದೆ. ಫೈಲ್ ತೆರೆಯುವ ಹೊತ್ತಿನಲ್ಲಿ ವಿಂಡೋಸ್ ಮೇಲಿನ ಫೋಲ್ಡರುಗಳ ಪರ್ಮಿಷನ್ ಪಟ್ಟಿಯನ್ನು ಹತ್ತಿ ನೋಡುವುದಿಲ್ಲ. ಪ್ರತಿ ಫೈಲೂ ತನ್ನ ಪೂರ್ತಿ ಪಟ್ಟಿಯನ್ನು ತನ್ನ ಜೊತೆಯಲ್ಲೇ ಇಟ್ಟುಕೊಂಡಿರುತ್ತದೆ. ಮೇಲೆ ಬದಲಾವಣೆಯಾದಾಗ ಅದನ್ನು ಕೆಳಗಿನ ಒಂದೊಂದು ಫೈಲಿಗೂ ಹೊಸದಾಗಿ ಬರೆಯುತ್ತ ಹೋಗಬೇಕು. ವಿಂಡೋಸ್ 2000ದಿಂದ ಈ ಕೆಲಸ ತಾನಾಗಿ ನಡೆಯುತ್ತಿದೆ. ಬರೆಯುವ ಕೆಲಸ ಅರ್ಧಕ್ಕೆ ನಿಂತರೆ, ನಡುವೆ ಎಲ್ಲೋ ಮೇಲಿನಿಂದ ಇಳಿಯುವ ಕೊಂಡಿ (ಇನ್‌ಹೆರಿಟೆನ್ಸ್) ಕಳಚಿದ್ದರೆ, ಅಥವಾ ಫೈಲು ಹಳೆಯ ಪಟ್ಟಿಯನ್ನೇ ಹೊತ್ತುಕೊಂಡು ಬೇರೆ ಕಡೆಗೆ ಬಂದಿದ್ದರೆ ಮೇಲಿನದಕ್ಕೂ ಕೆಳಗಿನದಕ್ಕೂ ತಾಳೆಯಾಗುವುದಿಲ್ಲ. ತೊಂದರೆಗಳ ಮೂಲ ಬಹುಮಟ್ಟಿಗೆ ಇಷ್ಟೇ.

ಹಳೆಯ ಪಟ್ಟಿ ಹೊತ್ತು ಬರುವುದನ್ನೇ ಹತ್ತಿರದಿಂದ ನೋಡೋಣ. ‘ಲೆಕ್ಕಪತ್ರ’ ಮತ್ತು ‘ಸಾಮಾನ್ಯ’ ಎಂಬ ಎರಡು ಫೋಲ್ಡರುಗಳು ಒಂದೇ ಡ್ರೈವ್‌ನಲ್ಲಿ, ಒಂದೇ ಶೇರ್‌ನಲ್ಲಿ (ನೆಟ್‌ವರ್ಕ್‌ನಲ್ಲಿ ಹಂಚಿದ ಫೋಲ್ಡರ್) ಇವೆ ಎನ್ನಿ. ಲೆಕ್ಕಪತ್ರದವರೊಬ್ಬರು ಎಲ್ಲರೂ ನೋಡಲಿ ಎಂದು ಒಂದು ಎಕ್ಸೆಲ್ ಫೈಲನ್ನು ಎಳೆದು ‘ಸಾಮಾನ್ಯ’ದಲ್ಲಿ ಹಾಕುತ್ತಾರೆ. ಒಂದೇ ಡ್ರೈವ್ ಆದ್ದರಿಂದ ಸರ್ವರ್ ಆ ಫೈಲನ್ನು ಹೊಸದಾಗಿ ಬರೆಯುವುದಿಲ್ಲ, ವಿಳಾಸವನ್ನಷ್ಟೇ ಬದಲಿಸುತ್ತದೆ. ಪರ್ಮಿಷನ್ ಪಟ್ಟಿ ಹಳೆಯದೇ ಉಳಿಯುತ್ತದೆ. ಉಳಿದವರಿಗೆ ಫೈಲಿನ ಹೆಸರು ಕಾಣುತ್ತದೆ, ತೆರೆದರೆ ‘ಆಕ್ಸೆಸ್ ಡಿನೈಡ್’. ಅದೇ ಫೈಲನ್ನು ಕಾಪಿ ಮಾಡಿ ಅಂಟಿಸಿದ್ದರೆ ಅದು ಹೊಸ ಫೈಲಾಗಿ ಹುಟ್ಟಿ, ‘ಸಾಮಾನ್ಯ’ದ ಪರ್ಮಿಷನ್ನನ್ನೇ ಪಡೆಯುತ್ತಿತ್ತು. ಬೇರೆ ಡ್ರೈವಿಗೆ ಮೂವ್ ಮಾಡಿದರೂ ಹಾಗೆಯೇ. ಅದು ಒಳಗಿನಿಂದ ಕಾಪಿ ಮಾಡಿ ಹಳೆಯದನ್ನು ಅಳಿಸುವುದೇ ಆಗಿದೆ.

ಇದಕ್ಕಿಂತ ಕೆಟ್ಟದ್ದು ಇದರ ಮುಂದಿನ ಹಂತ. ಹಾಗೆ ಬಂದ ಫೈಲಿನ ಪಟ್ಟಿಯಲ್ಲಿ ಹಳೆಯ ಸಾಲುಗಳ ಮೇಲೆ ‘ಇನ್‌ಹೆರಿಟೆಡ್’ ಎಂಬ ಗುರುತು ಹಾಗೇ ಇರುತ್ತದೆ, ಅವು ಈಗಿನ ತಾಯಿ ಫೋಲ್ಡರಿನಿಂದ ಬಂದವಲ್ಲದಿದ್ದರೂ. ಎಂದೋ ಒಂದು ದಿನ ಯಾರೋ ‘ಸಾಮಾನ್ಯ’ದ ಪರ್ಮಿಷನ್‌ನಲ್ಲಿ ಚಿಕ್ಕ ತಿದ್ದುಪಡಿ ಮಾಡುತ್ತಾರೆ. ಆಗ ಕೆಳಗಿನ ಫೈಲುಗಳ ಪಿತ್ರಾರ್ಜಿತ ಸಾಲುಗಳೆಲ್ಲ ಹೊಸದಾಗಿ ಲೆಕ್ಕವಾಗುತ್ತವೆ, ಈ ಹಳೆಯ ಸಾಲುಗಳು ಮಾಯವಾಗುತ್ತವೆ. ತಿಂಗಳುಗಟ್ಟಲೆ ಗುಟ್ಟಾಗಿದ್ದ ಫೈಲು ಎಲ್ಲರಿಗೂ ತೆರೆದುಕೊಳ್ಳುತ್ತದೆ. ಅಥವಾ ಬಳಸುತ್ತಿದ್ದವರಿಗೇ ಮುಚ್ಚಿಕೊಳ್ಳುತ್ತದೆ. ‘ನಾವು ಏನೂ ಮಾಡಿಲ್ಲ, ತಾನಾಗೇ ಹೀಗಾಯಿತು’ ಎಂದು ಜನ ಹೇಳುವಾಗ ಅವರು ಸುಳ್ಳು ಹೇಳುತ್ತಿರುವುದಿಲ್ಲ.

ಇನ್ನು ಹುಡುಕುವ ಕ್ರಮ. ಮೊದಲು ದೂರನ್ನೇ ಸರಿಯಾಗಿ ಬರೆದುಕೊಳ್ಳಬೇಕು. ಯಾರ ಖಾತೆ, ಫೋಲ್ಡರಿನ ಪೂರ್ತಿ ದಾರಿ ಯಾವುದು, ಆಗದಿರುವುದು ತೆರೆಯಲಿಕ್ಕೋ, ಉಳಿಸಲಿಕ್ಕೋ, ಹೆಸರು ಬದಲಿಸಲಿಕ್ಕೋ, ಅಳಿಸಲಿಕ್ಕೋ. ಒಬ್ಬರಿಗೆ ಮಾತ್ರ ಆಗುತ್ತಿಲ್ಲವಾದರೆ ಗುಂಪಿನ ಸದಸ್ಯತ್ವವನ್ನು ನೋಡಿ, ಎಲ್ಲರಿಗೂ ಆಗುತ್ತಿಲ್ಲವಾದರೆ ಫೋಲ್ಡರನ್ನು ನೋಡಿ. ಗುಂಪಿಗೆ ಹೊಸದಾಗಿ ಸೇರಿಸಿದವರು ಕಂಪ್ಯೂಟರಿನಿಂದ ಸೈನ್ ಔಟ್ ಆಗಿ ಮತ್ತೆ ಲಾಗಿನ್ ಆಗಲೇಬೇಕು. ಯಾವ ಯಾವ ಗುಂಪಿನಲ್ಲಿದ್ದಾರೆ ಎಂಬ ಚೀಟಿ ಲಾಗಿನ್ ಹೊತ್ತಿನಲ್ಲೇ ತಯಾರಾಗುವುದು. ಪರದೆ ಲಾಕ್ ಮಾಡಿ ತೆಗೆದರೆ ಸಾಲದು. ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಹೂಆ್ಯಮ್‌ಐ’ (whoami) ಆಜ್ಞೆಗೆ ‘ಸ್ಲ್ಯಾಶ್ ಗ್ರೂಪ್ಸ್’ ಸೇರಿಸಿ ಕೊಟ್ಟರೆ ಆ ಚೀಟಿಯಲ್ಲಿ ಏನಿದೆ ಎಂದು ಬಳಕೆದಾರರ ಯಂತ್ರದಲ್ಲೇ ತಿಳಿಯುತ್ತದೆ. ಈ ಒಂದು ಪರೀಕ್ಷೆ ಬಹಳಷ್ಟು ಸಲ ಉಳಿದ ಹುಡುಕಾಟವನ್ನೇ ತಪ್ಪಿಸುತ್ತದೆ.

ನಂತರ ನೋಡಬೇಕಾದದ್ದು ಶೇರ್ ಪರ್ಮಿಷನ್. ನೆಟ್‌ವರ್ಕ್ ಮೂಲಕ ಬರುವವರು ಎರಡು ಬಾಗಿಲು ದಾಟಬೇಕು: ಹೊರಗಿನದು ಶೇರ್ ಪರ್ಮಿಷನ್, ಒಳಗಿನದು ಎನ್‌ಟಿಎಫ್‌ಎಸ್ (ಡ್ರೈವ್‌ನಲ್ಲಿ ಫೈಲುಗಳನ್ನು ಇಡುವ ವಿಂಡೋಸ್ ವ್ಯವಸ್ಥೆ) ಪರ್ಮಿಷನ್, ಅಂದರೆ ಸೆಕ್ಯುರಿಟಿ ಟ್ಯಾಬ್‌ನಲ್ಲಿರುವುದು. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ. ‘ಅಡ್ವಾನ್ಸ್ಡ್ ಶೇರಿಂಗ್’ನಲ್ಲಿ ಹೊಸದಾಗಿ ಮಾಡಿದ ಶೇರ್‌ಗೆ ಎವ್ರಿವನ್‌ಗೆ ಬರೀ ‘ರೀಡ್’ ಇರುತ್ತದೆ. ಒಳಗೆ ಎಷ್ಟೇ ಉದಾರವಾಗಿ ಕೊಟ್ಟಿದ್ದರೂ ಆಗ ಒಂದಕ್ಷರ ಉಳಿಸಲಾಗದು. ಶೇರ್ ಮಟ್ಟದಲ್ಲಿ ‘ಅಥೆಂಟಿಕೇಟೆಡ್ ಯೂಸರ್ಸ್’ಗೆ ‘ಚೇಂಜ್’ ಕೊಟ್ಟು, ನಿಜವಾದ ನಿಯಂತ್ರಣವನ್ನೆಲ್ಲ ಎನ್‌ಟಿಎಫ್‌ಎಸ್‌ನಲ್ಲಿ ಇಡುವುದು ಒಳ್ಳೆಯದು. ‘ಫುಲ್ ಕಂಟ್ರೋಲ್’ ಬೇಡವೆನ್ನಲು ಕಾರಣವಿದೆ. ಫೈಲು ಸೃಷ್ಟಿಸಿದವರೇ ಅದರ ಒಡೆಯರು. ಒಡೆಯರಿಗೆ ಆ ಫೈಲಿನ ಪರ್ಮಿಷನ್ ಬದಲಿಸುವ ಹಕ್ಕು ತಾನಾಗಿ ಇರುತ್ತದೆ. ಶೇರ್‌ನಲ್ಲಿ ‘ಚೇಂಜ್’ ಮಾತ್ರ ಇದ್ದರೆ ಆ ಹಕ್ಕು ನೆಟ್‌ವರ್ಕ್‌ನಿಂದ ಚಲಾಯಿಸಲು ಬರುವುದಿಲ್ಲ. ಆಗ ಯಾರೂ ತಮ್ಮಷ್ಟಕ್ಕೆ ಬೀಗ ಬದಲಿಸಲಾರರು.

ಒಳಗಿನ ಬಾಗಿಲಿಗೆ ಬಂದಾಗ ಪ್ರಾಪರ್ಟೀಸ್, ಸೆಕ್ಯುರಿಟಿ, ಅಡ್ವಾನ್ಸ್ಡ್ ಎಂದು ಹೋಗಿ. ಅಲ್ಲಿ ‘ಎಫೆಕ್ಟಿವ್ ಆಕ್ಸೆಸ್’ ಟ್ಯಾಬ್‌ನಲ್ಲಿ ಆ ಬಳಕೆದಾರರ ಹೆಸರು ಕೊಟ್ಟರೆ ಯಾವ ಹಕ್ಕು ಇದೆ, ಯಾವುದು ಇಲ್ಲ ಎಂದು ಸಾಲುಸಾಲಾಗಿ ಬರುತ್ತದೆ. ಆಮೇಲೆ ಮೊದಲ ಟ್ಯಾಬ್‌ನಲ್ಲಿ ‘ಇನ್‌ಹೆರಿಟೆಡ್ ಫ್ರಮ್’ ಎಂಬ ಕಾಲಮ್ಮನ್ನು ಗಮನವಿಟ್ಟು ಓದಬೇಕು. ಪ್ರತಿ ಸಾಲೂ ಎಲ್ಲಿಂದ ಬಂತು ಎಂದು ಅದು ದಾರಿಸಮೇತ ಹೇಳುತ್ತದೆ. ‘ನನ್’ ಎಂದಿದ್ದರೆ ಅದು ಅಲ್ಲೇ ಬರೆದದ್ದು. ಕೆಳಗಿರುವ ಬಟನ್ ‘ಡಿಸೇಬಲ್ ಇನ್‌ಹೆರಿಟೆನ್ಸ್’ ಎಂದಿದ್ದರೆ ಕೊಂಡಿ ಸರಿಯಾಗಿದೆ ಎಂದರ್ಥ. ‘ಎನೇಬಲ್ ಇನ್‌ಹೆರಿಟೆನ್ಸ್’ ಎಂದಿದ್ದರೆ ಕೊಂಡಿ ಅಲ್ಲೇ ಕಳಚಿದೆ. ಬಟನ್ ಹೇಳುವುದು ಒತ್ತಿದರೆ ಏನಾಗುತ್ತದೆ ಎಂಬುದನ್ನು, ಈಗ ಏನಿದೆ ಎಂಬುದನ್ನಲ್ಲ. ಅವಸರದಲ್ಲಿ ಇದನ್ನು ಉಲ್ಟಾ ಓದಿಕೊಂಡು ಇದ್ದ ಕೊಂಡಿಯನ್ನೂ ಕಳಚಿಬಿಡುವ ಅಪಾಯವಿದೆ. ತೊಂದರೆಯ ಫೋಲ್ಡರಿನಿಂದ ಒಂದೊಂದೇ ಮಟ್ಟ ಮೇಲೆ ಹತ್ತುತ್ತ ಹೋದರೆ ಕಳಚಿದ ಜಾಗ ಸಿಕ್ಕೇ ಸಿಗುತ್ತದೆ.

ಫೋಲ್ಡರುಗಳು ನೂರಾರಿದ್ದರೆ ಕಣ್ಣಿನಲ್ಲಿ ನೋಡಿ ಪೂರೈಸದು. ವಿಂಡೋಸ್‌ನ ಆಜ್ಞಾ ಸಾಧನ ಪವರ್‌ಶೆಲ್‌ನಲ್ಲಿ ಪರ್ಮಿಷನ್ ಪಟ್ಟಿಯನ್ನು (ಎಸಿಎಲ್) ಓದುವ ‘ಗೆಟ್-ಎಸಿಎಲ್’ ಕೊಡುವ ಮಾಹಿತಿಯಲ್ಲಿ ‘ಆರ್ ಆಕ್ಸೆಸ್ ರೂಲ್ಸ್ ಪ್ರೊಟೆಕ್ಟೆಡ್’ ಎಂಬ ಗುಣ ‘ಟ್ರೂ’ ಆಗಿರುವ ಫೋಲ್ಡರುಗಳನ್ನಷ್ಟೇ ಸೋಸಿ ತೆಗೆದರೆ ಇಡೀ ಸರ್ವರಿನಲ್ಲಿ ಕೊಂಡಿ ಕಳಚಿರುವ ಜಾಗಗಳ ಪಟ್ಟಿ ಕೈಗೆ ಬರುತ್ತದೆ. ಒಂದೇ ಫೋಲ್ಡರನ್ನು ನೋಡಲು ‘ಐಕ್ಯಾಕಲ್ಸ್’ (icacls) ಆಜ್ಞೆ ಸಾಕು. ಅದು ಗುಂಪಿನ ಹೆಸರಿನ ಮುಂದೆ ಚಿಕ್ಕ ಅಕ್ಷರಸಂಕೇತಗಳನ್ನು ತೋರಿಸುತ್ತದೆ. ‘ಐ’ ಎಂದರೆ ಮೇಲಿನಿಂದ ಬಂದದ್ದು. ‘ಒಐ’ ಕೆಳಗಿನ ಫೈಲುಗಳಿಗೂ, ‘ಸಿಐ’ ಕೆಳಗಿನ ಫೋಲ್ಡರುಗಳಿಗೂ ಇಳಿಯುವಂಥದ್ದು. ‘ಐಒ’ ಇದ್ದರೆ ಕೆಳಗಿನವುಗಳಿಗೆ ಮಾತ್ರ, ಈ ಫೋಲ್ಡರಿಗಲ್ಲ. ‘ಎನ್‌ಪಿ’ ಇದ್ದರೆ ಒಂದೇ ಮೆಟ್ಟಿಲು ಇಳಿದು ನಿಲ್ಲುತ್ತದೆ. ಕೊನೆಯ ಅಕ್ಷರ ಹಕ್ಕು: ‘ಎಫ್’ ಫುಲ್ ಕಂಟ್ರೋಲ್, ‘ಎಂ’ ಮಾಡಿಫೈ, ‘ಆರ್‌ಎಕ್ಸ್’ ಓದುವುದು ಮತ್ತು ಚಲಾಯಿಸುವುದು. ತಾಯಿ ಫೋಲ್ಡರಿನ ಸಾಲುಗಳನ್ನೂ ಮಗುವಿನ ಸಾಲುಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮಗುವಿನಲ್ಲಿ ‘ಐ’ ಗುರುತಿನ ಒಂದು ಗುಂಪಿದ್ದು, ಅದು ತಾಯಿಯಲ್ಲಿ ಇಲ್ಲವೇ ಇಲ್ಲವಾದರೆ ಮೇಲೆ ಹೇಳಿದ ಹಳೆಯ ಸಾಲು ಅದೇ. ತಾಯಿಯಲ್ಲಿ ಗುಂಪು ಇದ್ದು ‘ಒಐ’, ‘ಸಿಐ’ ಎರಡೂ ಇಲ್ಲದಿದ್ದರೆ ‘ದಿಸ್ ಫೋಲ್ಡರ್ ಓನ್ಲಿ’ ಎಂದು ಕೊಟ್ಟಿದ್ದಾರೆ; ಅದು ಕೆಳಗಿಳಿಯುವುದೇ ಇಲ್ಲ.

ಪಟ್ಟಿಯ ಪ್ರತಿ ಸಾಲೂ ಅನುಮತಿ ಕೊಡುವ ‘ಅಲೋ’ ಅಥವಾ ತಡೆಯುವ ‘ಡಿನೈ’ ಆಗಿರುತ್ತದೆ. ‘ಡಿನೈ ಯಾವಾಗಲೂ ಗೆಲ್ಲುತ್ತದೆ’ ಎಂಬ ಮಾತು ಬಾಯಿಂದ ಬಾಯಿಗೆ ಹರಡಿದೆ. ಅದು ಅರ್ಧ ಸತ್ಯ. ಪಟ್ಟಿಯನ್ನು ಓದುವ ಕ್ರಮದಲ್ಲಿ ಮೊದಲು ಸ್ವಯಾರ್ಜಿತ ಡಿನೈ, ನಂತರ ಸ್ವಯಾರ್ಜಿತ ಅಲೋ, ಆಮೇಲೆ ಪಿತ್ರಾರ್ಜಿತ ಡಿನೈ, ಕೊನೆಗೆ ಪಿತ್ರಾರ್ಜಿತ ಅಲೋ. ಅಂದರೆ ಮೇಲಿನ ಫೋಲ್ಡರಿನಲ್ಲಿ ಡಿನೈ ಹಾಕಿ ನಿಶ್ಚಿಂತೆಯಿಂದ ಕುಳಿತಿದ್ದರೆ, ಕೆಳಗೆ ಎಲ್ಲೋ ಒಂದು ಫೋಲ್ಡರಿನಲ್ಲಿ ಕೈಯಾರೆ ಬರೆದ ಅಲೋ ಅದನ್ನು ದಾಟಿಹೋಗುತ್ತದೆ. ಮೇಲಾಗಿ ಡಿನೈ ಗುಂಪಿಗೆ ಹಾಕಿದರೆ ಆ ಗುಂಪಿನಲ್ಲಿರುವ ನಿರ್ವಾಹಕರಿಗೂ ಅದು ಅನ್ವಯಿಸುತ್ತದೆ. ನಮ್ಮ ಅಭಿಪ್ರಾಯದಲ್ಲಿ ಫೈಲ್ ಸರ್ವರಿನಲ್ಲಿ ಡಿನೈಗೆ ಜಾಗವೇ ಇರಬಾರದು. ಯಾರಿಗೆ ಬೇಡವೋ ಅವರ ಗುಂಪಿನ ಅಲೋ ಇಲ್ಲದಿದ್ದರೆ ಆಯಿತು.

‘ತೆರೆಯುತ್ತದೆ, ಆದರೆ ಉಳಿಸಲಾಗುತ್ತಿಲ್ಲ’ ಎನ್ನುವ ದೂರಿಗೆ ಬೇರೆಯದೇ ಕಾರಣ ಇರಬಹುದು. ವರ್ಡ್‌ನಂಥ ತಂತ್ರಾಂಶ ಫೈಲಿನ ಮೇಲೆ ನೇರವಾಗಿ ಬರೆಯುವುದಿಲ್ಲ. ಪಕ್ಕದಲ್ಲಿ ತಾತ್ಕಾಲಿಕ ಫೈಲೊಂದನ್ನು ಸೃಷ್ಟಿಸಿ, ಹಳೆಯದನ್ನು ಸರಿಸಿ, ಹೊಸದಕ್ಕೆ ಹಳೆಯ ಹೆಸರಿಡುತ್ತದೆ. ಇದಕ್ಕೆ ಫೋಲ್ಡರಿನಲ್ಲಿ ಫೈಲ್ ಸೃಷ್ಟಿಸುವ ಹಕ್ಕೂ ಬೇಕು, ಫೈಲಿನ ಮೇಲೆ ಡಿಲೀಟ್ ಹಕ್ಕೂ ಬೇಕು. ‘ರೀಡ್’ ಮತ್ತು ‘ರೈಟ್’ಗೆ ಮಾತ್ರ ಟಿಕ್ ಹಾಕಿ, ಅಳಿಸುವುದು ಬೇಡ ಎಂದು ‘ಮಾಡಿಫೈ’ ಬಿಟ್ಟರೆ ನೋಟ್‌ಪ್ಯಾಡ್ ಫೈಲು ಉಳಿಯುತ್ತದೆ, ವರ್ಡ್ ಫೈಲು ಉಳಿಯುವುದಿಲ್ಲ. ಹೆಸರು ಬದಲಿಸುವುದಕ್ಕೂ ಡಿಲೀಟ್ ಹಕ್ಕೇ ಬೇಕು. ಇದರ ತದ್ವಿರುದ್ಧವೂ ಉಂಟು: ಮೇಲಿನ ಫೋಲ್ಡರಿನ ಮೇಲೆ ‘ಫುಲ್ ಕಂಟ್ರೋಲ್’ ಇದ್ದವರು ಒಳಗಿನ ಫೈಲಿನ ಮೇಲೆ ಯಾವ ಹಕ್ಕೂ ಇಲ್ಲದಿದ್ದರೂ ಅದನ್ನು ಅಳಿಸಬಲ್ಲರು, ಏಕೆಂದರೆ ಅದರಲ್ಲಿ ‘ಡಿಲೀಟ್ ಸಬ್‌ಫೋಲ್ಡರ್ಸ್ ಆ್ಯಂಡ್ ಫೈಲ್ಸ್’ ಸೇರಿರುತ್ತದೆ. ‘ಮಾಡಿಫೈ’ನಲ್ಲಿ ಅದು ಇಲ್ಲ. ಸಿಬ್ಬಂದಿಗೆ ‘ಮಾಡಿಫೈ’ಗಿಂತ ಮೇಲೆ ಕೊಡಬಾರದು ಎನ್ನುವುದಕ್ಕೆ ಇದೂ ಒಂದು ಕಾರಣ.

ನಿರ್ವಾಹಕರೇ ಅರಿಯದೆ ಮಾಡುವ ತಪ್ಪೊಂದಿದೆ. ಸರ್ವರಿನಲ್ಲೇ ಲಾಗಿನ್ ಆಗಿ ಎಕ್ಸ್‌ಪ್ಲೋರರ್‌ನಲ್ಲಿ ಫೋಲ್ಡರ್ ತೆರೆಯಹೋದಾಗ ‘ಈಗ ನಿಮಗೆ ಅನುಮತಿ ಇಲ್ಲ, ಶಾಶ್ವತವಾಗಿ ಪಡೆಯಲು ಕಂಟಿನ್ಯೂ ಒತ್ತಿ’ ಎಂಬ ಅರ್ಥದ ಸಂದೇಶ ಬರುತ್ತದೆ. ಒತ್ತಿದರೆ ನಿರ್ವಾಹಕರ ಸ್ವಂತ ಹೆಸರು ಆ ಫೋಲ್ಡರಿನ ಪಟ್ಟಿಯಲ್ಲಿ ಸ್ವಯಾರ್ಜಿತ ಸಾಲಾಗಿ ಸೇರಿಬಿಡುತ್ತದೆ. ‘ಶಾಶ್ವತವಾಗಿ’ ಎಂಬ ಪದ ಅಲ್ಲಿ ಅಕ್ಷರಶಃ ನಿಜ. ಅವರು ಕೆಲಸ ಬಿಟ್ಟು ಖಾತೆ ಅಳಿಸಿದ ಮೇಲೆ ಅದೇ ಜಾಗದಲ್ಲಿ ‘ಎಸ್-1-5-21’ ಎಂದು ಶುರುವಾಗುವ ಉದ್ದನೆಯ ಸಂಖ್ಯೆ ಉಳಿಯುತ್ತದೆ. ಇದನ್ನು ತಪ್ಪಿಸಲು ಫೈಲ್ ಸರ್ವರ್ ನಿರ್ವಹಣೆಗೆಂದೇ ‘ಅಡ್ಮಿನಿಸ್ಟ್ರೇಟರ್ಸ್’ ಅಲ್ಲದ ಬೇರೆ ಗುಂಪು ಮಾಡಿ, ಆ ಗುಂಪಿಗೆ ಮೇಲಿನಿಂದಲೇ ಫುಲ್ ಕಂಟ್ರೋಲ್ ಇಳಿಯುವಂತೆ ಮಾಡಿದರೆ ಆ ಸಂದೇಶವೇ ಬರುವುದಿಲ್ಲ.

ಸರಿಪಡಿಸುವ ಮೊದಲು ಈಗಿರುವ ಪಟ್ಟಿಯನ್ನು ಉಳಿಸಿಡಿ. ಪರ್ಮಿಷನ್ ಬದಲಾವಣೆಗೆ ಅನ್‌ಡೂ ಇಲ್ಲ. ಐಕ್ಯಾಕಲ್ಸ್‌ಗೆ ‘ಸ್ಲ್ಯಾಶ್ ಸೇವ್’ ಮತ್ತು ಒಂದು ಫೈಲಿನ ಹೆಸರು ಕೊಟ್ಟು, ಕೆಳಗಿನದೆಲ್ಲ ಬರಲಿ ಎಂದು ‘ಸ್ಲ್ಯಾಶ್ ಟಿ’, ತಪ್ಪು ಬಂದರೂ ನಿಲ್ಲದಿರಲಿ ಎಂದು ‘ಸ್ಲ್ಯಾಶ್ ಸಿ’ ಸೇರಿಸಬೇಕು. ಆ ಫೈಲಿನಲ್ಲಿ ದಾರಿಗಳು ಸಾಪೇಕ್ಷವಾಗಿರುತ್ತವೆ. ಹೀಗಾಗಿ ಫೋಲ್ಡರನ್ನೇ ಹೆಸರಿಸಿ ಉಳಿಸಿದ್ದರೆ ‘ಸ್ಲ್ಯಾಶ್ ರೀಸ್ಟೋರ್’ ಮಾಡುವಾಗ ಅದರ ಮೇಲಿನ ಫೋಲ್ಡರಿನ ದಾರಿ ಕೊಡಬೇಕು. ಇಲ್ಲಿ ಎಡವಿ ‘ಫೈಲ್ ಸಿಗಲಿಲ್ಲ’ ಎಂಬ ಸಾಲುಗಳ ಮಳೆ ಸುರಿಸಿಕೊಂಡವರು ಬ್ಯಾಕಪ್ಪೇ ಕೆಟ್ಟಿದೆ ಎಂದು ಗಾಬರಿಯಾಗುತ್ತಾರೆ; ಕೆಟ್ಟಿರುವುದಿಲ್ಲ. ಒಡೆತನದ ಮಾಹಿತಿ ಮಾತ್ರ ಇದರಲ್ಲಿ ಉಳಿಯುವುದಿಲ್ಲ.

ಆಮೇಲೆ ಕಳಚಿದ ಕೊಂಡಿಯ ಜಾಗಕ್ಕೆ ಹೋಗಿ ‘ಎನೇಬಲ್ ಇನ್‌ಹೆರಿಟೆನ್ಸ್’ ಒತ್ತಿ. ಹಿಂದೆ ಕೊಂಡಿ ಕಳಚುವಾಗ ‘ಕನ್ವರ್ಟ್’ ಆಯ್ದುಕೊಂಡಿದ್ದರೆ ಅಂದಿನ ಸಾಲುಗಳೆಲ್ಲ ಸ್ವಯಾರ್ಜಿತವಾಗಿ ಕುಳಿತಿರುತ್ತವೆ. ಕೊಂಡಿ ಮತ್ತೆ ಸೇರಿಸಿದರೂ ಅವು ಹೋಗುವುದಿಲ್ಲ, ಒಂದೇ ಗುಂಪು ಎರಡೆರಡು ಸಲ ಕಾಣುತ್ತದೆ. ಹಳೆಯವನ್ನು ಕೈಯಾರೆ ತೆಗೆಯಬೇಕು. ಇಲ್ಲವಾದರೆ ಮುಂದೆ ಮೇಲಿನಿಂದ ಯಾರನ್ನೋ ತೆಗೆದುಹಾಕಿದಾಗ ಕೆಳಗೆ ಅವರ ಪ್ರವೇಶ ಉಳಿದೇ ಇರುತ್ತದೆ. ‘ರಿಮೂವ್’ ಆಯ್ದುಕೊಂಡಿದ್ದರೆ ಪಿತ್ರಾರ್ಜಿತ ಸಾಲುಗಳೆಲ್ಲ ಹೋಗಿರುತ್ತವೆ; ಸ್ವಯಾರ್ಜಿತ ಸಾಲು ಇಲ್ಲದಿದ್ದರೆ ಪಟ್ಟಿ ಬರಿದಾಗಿರುತ್ತದೆ. ‘ಸಿಸ್ಟಮ್’ ಖಾತೆಯೂ ಹೊರಬಿದ್ದಿದ್ದರೆ ಆ ಖಾತೆಯಲ್ಲಿ ಓಡುವ ಸೇವೆಗಳಿಗೂ ಬಾಗಿಲು ಮುಚ್ಚಿರುತ್ತದೆ.

ಒಂದು ಫೋಲ್ಡರಿನ ಒಳಗೆಲ್ಲ ಚೆಲ್ಲಾಪಿಲ್ಲಿಯಾಗಿದ್ದರೆ, ಅದರೊಳಗೆ ಬೇಕೆಂದೇ ಬೇರೆ ಮಾಡಿದ ಉಪಫೋಲ್ಡರ್ ಯಾವುದೂ ಇಲ್ಲ ಎಂದು ಖಚಿತಪಡಿಸಿಕೊಂಡು, ಐಕ್ಯಾಕಲ್ಸ್‌ಗೆ ‘ಸ್ಲ್ಯಾಶ್ ರೀಸೆಟ್’, ‘ಸ್ಲ್ಯಾಶ್ ಟಿ’, ‘ಸ್ಲ್ಯಾಶ್ ಸಿ’ ಕೊಡಿ. ಅದು ಸ್ವಯಾರ್ಜಿತ ಸಾಲುಗಳನ್ನೆಲ್ಲ ಅಳಿಸಿ ಮೇಲಿನಿಂದ ಬಂದದ್ದನ್ನು ಮಾತ್ರ ಉಳಿಸುತ್ತದೆ. ಆಜ್ಞೆಗೆ ಕೊಟ್ಟ ಫೋಲ್ಡರೂ ರೀಸೆಟ್ ಆಗುತ್ತದೆ ಎಂಬುದು ನೆನಪಿರಲಿ. ಆ ಫೋಲ್ಡರಿನದೇ ಸಾಲುಗಳು ಉಳಿಯಬೇಕಾದರೆ ದಾರಿಯ ಕೊನೆಗೆ ನಕ್ಷತ್ರಚಿಹ್ನೆ ಹಾಕಿ ಒಳಗಿನವುಗಳಿಗಷ್ಟೇ ಅನ್ವಯಿಸಿ. ಅಡ್ವಾನ್ಸ್ಡ್ ಕಿಟಕಿಯ ತಳದಲ್ಲಿರುವ ‘ರೀಪ್ಲೇಸ್ ಆಲ್ ಚೈಲ್ಡ್ ಆಬ್ಜೆಕ್ಟ್ ಪರ್ಮಿಷನ್’ ಎಂಬ ಚೌಕವೂ ಸರಿಸುಮಾರು ಇದೇ ಕೆಲಸ ಮಾಡುತ್ತದೆ. ಶೇರ್‌ನ ತುತ್ತತುದಿಯ ಫೋಲ್ಡರಿನಲ್ಲಿ ಅದನ್ನು ಟಿಕ್ ಮಾಡುವುದೆಂದರೆ ವರ್ಷಗಳಿಂದ ಒಂದೊಂದಾಗಿ ಹಾಕಿದ ಬೀಗಗಳನ್ನೆಲ್ಲ ಒಂದೇ ಏಟಿಗೆ ಕಿತ್ತಂತೆ. ದಯವಿಟ್ಟು ಅಲ್ಲಿ ಮುಟ್ಟಬೇಡಿ.

ಒಡೆತನ ಕೈತಪ್ಪಿ ನಿರ್ವಾಹಕರಿಗೇ ಪಟ್ಟಿ ಕಾಣದಿದ್ದಾಗ ‘ಟೇಕ್‌ಓನ್’ ಆಜ್ಞೆ ಬಳಸುವುದುಂಟು. ‘ಸ್ಲ್ಯಾಶ್ ಎ’ ಕೊಟ್ಟರೆ ಒಡೆತನ ವ್ಯಕ್ತಿಗೆ ಹೋಗದೆ ಅಡ್ಮಿನಿಸ್ಟ್ರೇಟರ್ಸ್ ಗುಂಪಿಗೆ ಹೋಗುತ್ತದೆ, ಅದೇ ಸರಿ. ಆದರೆ ‘ಸ್ಲ್ಯಾಶ್ ಆರ್’ ಜೊತೆ ‘ಸ್ಲ್ಯಾಶ್ ಡಿ ವೈ’ ಕೊಟ್ಟರೆ, ಓದಲಾಗದ ಫೋಲ್ಡರುಗಳ ಇದ್ದ ಪರ್ಮಿಷನ್ನನ್ನೇ ಕಿತ್ತು ಫುಲ್ ಕಂಟ್ರೋಲ್ ಬರೆಯಲು ಮೊದಲೇ ಒಪ್ಪಿಗೆ ಕೊಟ್ಟಂತಾಗುತ್ತದೆ. ಸಾವಿರಾರು ಫೋಲ್ಡರಿನ ಮೇಲೆ ಇದನ್ನು ಓಡಿಸುವವರು ಎರಡು ಸಲ ಯೋಚಿಸಲಿ. ಆಜ್ಞೆಗಳು ಕೆಲವು ಫೈಲುಗಳಲ್ಲಿ ಮಾತ್ರ ಸೋಲುತ್ತಿದ್ದರೆ ದಾರಿಯ ಉದ್ದ 260 ಅಕ್ಷರ ಮೀರಿದೆಯೇ ನೋಡಿ. ನಡುವಿನ ಫೋಲ್ಡರಿಗೆ ತಾತ್ಕಾಲಿಕವಾಗಿ ಡ್ರೈವ್ ಅಕ್ಷರ ಕೊಟ್ಟು ದಾರಿ ಗಿಡ್ಡ ಮಾಡಿಕೊಳ್ಳಬಹುದು.

ಸರ್ವರ್ ಬದಲಿಸುವಾಗ ವಿಂಡೋಸ್‌ನ ಕಾಪಿ ಆಜ್ಞೆಯಾದ ರೋಬೋಕಾಪಿ ಬಳಸುವವರಿಗೆ ಒಂದು ಮಾತು. ಅದು ತಾನಾಗಿ ಪರ್ಮಿಷನ್ ಒಯ್ಯುವುದಿಲ್ಲ, ದತ್ತಾಂಶ, ಗುಣಲಕ್ಷಣ, ಸಮಯ ಇಷ್ಟನ್ನೇ ಒಯ್ಯುತ್ತದೆ. ಪರ್ಮಿಷನ್ ಬೇಕಿದ್ದರೆ ‘ಸ್ಲ್ಯಾಶ್ ಸೆಕ್’ ಕೊಡಬೇಕು, ಒಡೆತನವೂ ಆಡಿಟ್ ಸಾಲುಗಳೂ ಬೇಕಿದ್ದರೆ ‘ಸ್ಲ್ಯಾಶ್ ಕಾಪಿಆಲ್’.

ಲಿನಕ್ಸ್ ಸರ್ವರಿನಲ್ಲಿ ಸಾಂಬಾ (ವಿಂಡೋಸ್ ಯಂತ್ರಗಳಿಗೆ ಫೈಲು ಹಂಚುವ ತಂತ್ರಾಂಶ) ಮೂಲಕ ಹಂಚುವವರಿಗೂ ಇದೇ ಬಗೆಯ ತೊಂದರೆ, ಕಾರಣಗಳು ಬೇರೆ. ಅಲ್ಲಿ ‘ಡೀಫಾಲ್ಟ್ ಎಸಿಎಲ್’ ಹೊಸ ಫೈಲು ಹುಟ್ಟುವಾಗ ಒಮ್ಮೆ ಅಂಟಿಕೊಳ್ಳುತ್ತದೆ, ಅಷ್ಟೇ. ಆಮೇಲೆ ಮೇಲಿನದನ್ನು ಬದಲಿಸಿದರೆ ಹಳೆಯ ಫೈಲುಗಳಿಗೆ ಸುದ್ದಿಯೇ ಹೋಗುವುದಿಲ್ಲ. ಹಾಗಾಗಿ ಪಟ್ಟಿ ಬರೆಯುವ ‘ಸೆಟ್‌ಎಫ್‌ಎಸಿಎಲ್’ (setfacl) ಆಜ್ಞೆಯನ್ನು ಎರಡು ಸಲ ಓಡಿಸಬೇಕು: ಈಗಿರುವ ಫೈಲುಗಳಿಗೊಮ್ಮೆ, ‘ಡಿ’ ಸೇರಿಸಿ ಮುಂದೆ ಹುಟ್ಟುವವಕ್ಕೊಮ್ಮೆ. ಎಕ್ಸಿಕ್ಯೂಟ್ ಹಕ್ಕಿಗೆ ಚಿಕ್ಕ ‘ಎಕ್ಸ್’ ಬದಲು ದೊಡ್ಡಕ್ಷರದ ‘ಎಕ್ಸ್’ ಕೊಟ್ಟರೆ ಫೋಲ್ಡರುಗಳಿಗೆ ಸಿಗುತ್ತದೆ, ಸಾಮಾನ್ಯ ಫೈಲುಗಳಿಗೆ ಅಂಟುವುದಿಲ್ಲ. ಗುಂಪಿಗೆ ಹಕ್ಕು ಇದೆಯೆಂದು ಕಾಣುತ್ತಿದ್ದೂ ಬರೆಯಲಾಗುತ್ತಿಲ್ಲವಾದರೆ ‘ಗೆಟ್‌ಎಫ್‌ಎಸಿಎಲ್’ ಕೊಟ್ಟು ಗುಂಪುಗಳಿಗೆ ಸಿಗುವ ಹಕ್ಕಿನ ಮಿತಿಯಾದ ‘ಮಾಸ್ಕ್’ ಸಾಲು ನೋಡಿ. ಎಸಿಎಲ್ ಇರುವ ಫೈಲಿನ ಮೇಲೆ ಯಾರಾದರೂ ಪರ್ಮಿಷನ್ ಬದಲಿಸುವ ‘ಸಿಎಚ್‌ಮಾಡ್’ (chmod) ಆಜ್ಞೆ ಓಡಿಸಿ ಗುಂಪಿನ ಅಂಕಿ ಬದಲಿಸಿದರೆ ಬದಲಾಗುವುದು ಮಾಸ್ಕ್. ಸಾಂಬಾದ ‘ಕ್ರಿಯೇಟ್ ಮಾಸ್ಕ್’ ಮೂಲದಲ್ಲಿ 0744 ಇರುವುದರಿಂದ ಗುಂಪಿನ ಬರೆಯುವ ಹಕ್ಕು ಅಲ್ಲೇ ಸೋರಿಹೋಗುತ್ತದೆ. ಅದನ್ನು 0660ಕ್ಕೆ ಬದಲಿಸಿ, ಫೋಲ್ಡರಿಗೆ 2770 ಕೊಡಿ. ಮೊದಲ ಅಂಕಿ 2 ಇದ್ದರೆ ಹೊಸ ಫೈಲುಗಳು ಫೋಲ್ಡರಿನ ಗುಂಪಿಗೇ ಸೇರುತ್ತವೆ.

ಕೊಂಡಿ ಕಳಚುವುದೇ ತಪ್ಪಲ್ಲ. ಅದನ್ನು ಮೊದಲ ಎರಡು ಮಟ್ಟಗಳಲ್ಲಿ ಮಾತ್ರ ಮಾಡಿ, ಪ್ರತಿ ಫೋಲ್ಡರಿಗೂ ‘ಓದುವವರು’, ‘ತಿದ್ದುವವರು’ ಎಂಬ ಎರಡೇ ಗುಂಪು ಇಟ್ಟು, ವ್ಯಕ್ತಿಯ ಹೆಸರನ್ನು ಎಲ್ಲಿಯೂ ನೇರವಾಗಿ ಸೇರಿಸದಿದ್ದರೆ ಕೆಳಗಿನದನ್ನು ಮತ್ತೆ ಮುಟ್ಟುವ ಪ್ರಮೇಯ ಬಾರದು. ಆರನೆಯ ಮಟ್ಟದ ಒಂದು ಉಪಫೋಲ್ಡರ್ ಗುಟ್ಟಾಗಿರಬೇಕು ಎಂಬ ಬೇಡಿಕೆ ಬಂದರೆ ಅದನ್ನು ಅಲ್ಲೇ ಬೀಗ ಹಾಕುವ ಬದಲು ಮೇಲಕ್ಕೆ ತಂದು ಬೇರೆ ಫೋಲ್ಡರ್ ಮಾಡಿ. ತರುವಾಗ ಮೂವ್ ಬೇಡ, ಕಾಪಿ ಮಾಡಿ ಹಳೆಯದನ್ನು ಅಳಿಸಿ.

ಎಲ್ಲ ಮುಗಿದ ಮೇಲೆ ದೂರು ಕೊಟ್ಟವರ ಯಂತ್ರದಲ್ಲೇ, ಅವರದೇ ಲಾಗಿನ್‌ನಲ್ಲಿ ಪರೀಕ್ಷಿಸಿ. ಹೊಸ ವರ್ಡ್ ಫೈಲೊಂದನ್ನು ಸೃಷ್ಟಿಸಿ, ಉಳಿಸಿ, ಮತ್ತೆ ತೆರೆದು ತಿದ್ದಿ ಉಳಿಸಿ, ಹೆಸರು ಬದಲಿಸಿ, ಅಳಿಸಿ. ನಂತರ ಆ ಫೋಲ್ಡರಿಗೆ ಪ್ರವೇಶ ಇರಬಾರದ ಇನ್ನೊಂದು ಖಾತೆಯಿಂದ ಅದೇ ದಾರಿಯನ್ನು ಟೈಪ್ ಮಾಡಿ ತೆರೆಯಲು ನೋಡಿ. ಹಿಂದೆ ಯಾರೋ ಹಾಕಿದ ‘ಎವ್ರಿವನ್’ ಇನ್ನೂ ಉಳಿದಿದೆಯೇ ಎಂಬುದು ಈ ಎರಡನೆಯ ಪರೀಕ್ಷೆಯಲ್ಲಿ ಮಾತ್ರ ಗೊತ್ತಾಗುತ್ತದೆ.

ಇಂತಿ,
ಫೈಲ್ ಸರ್ವರ್ ನಿರ್ವಹಣೆಯಲ್ಲಿರುವ ಓದುಗರು